ದೋಷದ ಕಾರಣ

ಹೊಸನಗರದ ಉಪಖಜಾನೆಗೆ ಡೇಟಾ ಲೈನು ಕೊಡಲು ಹೋದದ್ದು
ಮಾರ್ಚಿ ಕೊನೆಯ ವಾರ. ಮೇಜಿನ ಮೇಲೆ ಬಿಲ್ಲುಗಳ ಗುಡ್ಡ.
ಮೋಡೆಮ್ಮು ಜೀಪಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂತು.

ಕಂಬದ ಪೆಟ್ಟಿಗೆ ತೆರೆದರೆ
ಪಕ್ಕದ ಮಾವಿನಿಂದ ಇಳಿದ ಚಗಳಿಯ ಸಂಸಾರ.
ಗುತ್ಯಪ್ಪ ಕೈಗೆ ಬೂದಿ ಬಳಿದುಕೊಂಡು
ಒಂದೊಂದೇ ಜೋಡಿ ಬಿಡಿಸಿದ.
ಇಂಗ್ಲಿಷಿನ ಬಣ್ಣದ ಕೋಡು ಅವನಿಗೆ ಬೇಕಿಲ್ಲ:
ಶಾಯಿ, ಕಿತ್ಲೆ, ಸೊಪ್ಪು, ಬೆಲ್ಲ, ಬೂದಿ,
ಬಿಳಿಯ ಪಕ್ಕ ಕೂರುವ ಐದು ಜನ.
"ನಮ್ಮದು ಯಾವ್ದು ಮೇಡಂ?"
"ಬೆಲ್ಲ."
"ಹಂಗಾರೆ ಇರುವೆದು ತಪ್ಪಿಲ್ಲ ಬಿಡಿ."

ನೆಲ ಬೇರೆ ಹಟ ಮಾಡಿತು. ಜಂಬಿಟ್ಟಿಗೆ ನೆಲ,
ಮೀಟರಿನ ಮುಳ್ಳು ಮೂವತ್ತರಿಂದ ಇಳಿಯಲೊಲ್ಲದು.
"ಅರ್ಥ ಸಿಕ್ತಾ?" ಎಂದು ಕಿಟಕಿಯಿಂದ ಖಜಾನೆಯವರು.
"ಇನ್ನೂ ಇಲ್ಲ."
ಗುಂಡಿಗೆ ಉಪ್ಪು ಸುರಿದು, ಇದ್ದಿಲು ಸುರಿದು,
ಕುಡಿಯುವ ನೀರಿನ ಎರಡು ಕೊಡ ಹೊಯ್ದು
ಕಾದೆವು. ನಾಲ್ಕಕ್ಕೆ ಬಂತು.

ಮೋಡೆಮ್ಮಿನ ಬೆನ್ನಲ್ಲಿ ಹಾಲುಹಲ್ಲಿನಂಥ ಎಂಟು ಸ್ವಿಚ್ಚು.
ಆರನೆಯದು ಗಡಿಯಾರದ್ದು:
ಕಾಲ ಒಂದು ಕಡೆಯಿಂದಲೇ ಬರಬೇಕು.
ಎರಡು ತುದಿಯೂ ತಂತಮ್ಮ ತಾಳ ಹಾಕಿದರೆ
ನಡುವೆ ಎಲ್ಲೋ ಒಂದಂಕಿ ಜಾರುತ್ತದೆ,
ಅದು ಯಾರದೋ ಪಿಂಚಣಿಯ ಸೊನ್ನೆಯೂ ಆಗಬಹುದು.
ಶಿವಮೊಗ್ಗದ ಕಾಲವೇ ಇರಲೆಂದು
ಪೆನ್ನಿನ ತುದಿಯಿಂದ ಒತ್ತಿದೆ.
ಗೋಡೆಯ ಗಡಿಯಾರ ಏಳು ನಿಮಿಷ ಮುಂದಿತ್ತು.
ಬಸ್ಸು ತಪ್ಪಬಾರದೆಂದು ಹಾಲಸ್ವಾಮಿಯವರೇ ತಿರುಗಿಸಿಟ್ಟದ್ದಂತೆ.

ಐದು ವರ್ಷದಿಂದ ಖಜಾನೆಯ ಲೈನು ಎಂದರೆ ಅವರೇ.
ವಾರಕ್ಕೆ ಮೂರು ದಿನ, ಬೆಳಗಿನ ಬಸ್ಸು,
ಡಬ್ಬಿಯ ಮೇಲಿನ ಬಟ್ಟಲಲ್ಲಿ ಫ್ಲಾಪಿ, ಕೆಳಗಿನದರಲ್ಲಿ ಚಿತ್ರಾನ್ನ.
ಸಂಜೆ ಚೀಲದೊಳಗೆ
ಪೋಸ್ಟ್ ಮಾಸ್ತರರ ತಾಯಿಯ ಕಿವಿಯಂತ್ರಕ್ಕೆ ಗುಂಡು ಸೆಲ್ಲು,
ಜುಬೇದಾಬಿಯ ಹೊಲಿಗೆ ಮೆಷಿನ್ನಿಗೆ ಬಾಬಿನ್ನು,
ಕಾಲು ಕೂಡಿದ ಕನ್ನಡಕ,
ಇನ್ಯಾರದೋ ರಕ್ತಪರೀಕ್ಷೆಯ ಅಂಟಿಸಿದ ಲಕೋಟೆ.
ಕಮಿಷನ್ನಿಲ್ಲ. ಕೇಳಿದರೆ,
"ಸೀಟು ಹೆಂಗೂ ನಂದು. ಚೀಲಕ್ಕೆ ಟಿಕೆಟ್ಟಿಲ್ಲವಲ್ಲ."

ನಾಲ್ಕೂ ಇಪ್ಪತ್ತಕ್ಕೆ ಶಿವಮೊಗ್ಗಕ್ಕೆ ಫೋನು ಮಾಡಿ
ಲೂಪು ಹಾಕಿ ಅಂದೆ.
ಕಳಿಸಿದ್ದು ಕಳಿಸಿದ ಹಾಗೇ ತಿರುಗಿ ಬರಬೇಕು,
ಊರು ಬಿಟ್ಟ ಮಾತು ಒಂದಕ್ಷರ ಕೆಡದೆ.
ಬಂತು.
ಕೆಂಪು ಆರಿ ಹಸಿರು ನಿಂತಿತು.
ಲೂಪು ತೆಗೆಸಿದೆ. ಅಂಕಿಗಳು ಹೊರಟವು.

"ಎಷ್ಟು ಹೊತ್ತು?" ಹಾಲಸ್ವಾಮಿ ಕೇಳಿದರು.
"ಹೋಗಿ ಬರಕ್ಕೆ ನಲವತ್ತು. ಮಿಲಿಸೆಕೆಂಡು."
ಲೆಕ್ಕದ ಮನುಷ್ಯ. ಬಾಯಲ್ಲೇ ಗುಣಿಸಲು ಹೊರಟು, ಬಿಟ್ಟರು.
"ರಿಪ್ಪನ್‌ಪೇಟೆಲಿ ಟೀಗೆ ನಿಲ್ಸಲ್ಲ ಹಂಗಾದ್ರೆ."

ಜೀಪು ಹತ್ತುವಾಗ ಕೈಗೆ ಒಂದು ಚೀಟಿ,
ಅದರೊಳಗೆ ನಾಲ್ಕಾಗಿ ಮಡಚಿದ ನೂರರ ನೋಟು.
"ಮತ್ತೆ ಬರ್ತೀರಲ್ಲ?"
"ಲೈನು ಕೆಟ್ಟರೆ" ಅಂದೆ.
ಗುತ್ಯಪ್ಪ ಕಂಬದ ಕಡೆ ನೋಡುತ್ತಿದ್ದ.

ಎಂಟನೆಯ ದಿನ ನಮ್ಮ ಬೋರ್ಡಿನಲ್ಲಿ ಹೊಸನಗರ ಕೆಂಪು.
ಹೋದೆ. ಬ್ಯಾಗಿನಲ್ಲಿ ಸೆಲ್ಲು, ಬಾಬಿನ್ನು.
ಪೆಟ್ಟಿಗೆಯೊಳಗೆ ಬೆಲ್ಲದ ಎಳೆ ಹೊರಗೆ ಬಂದಿತ್ತು,
ತಿರುಪು ಎರಡೇ ಸುತ್ತು ಸಡಿಲ,
ತಾಮ್ರಕ್ಕೆ ಒಂದು ಗೀರೂ ಬೀಳದ ಹಾಗೆ.
ಬಿಗಿ ಮಾಡಿದೆ.
ಹಾಲಸ್ವಾಮಿಯವರಿಗೆ ಚಿಲ್ಲರೆ ಎಣಿಸಿ ಕೊಟ್ಟೆ;
ಅವರು ಹೊಸ ಚೀಟಿ ಕೊಟ್ಟರು.
ಗುತ್ಯಪ್ಪ ಟೀ ತಂದ, ಕೇಳದೆಯೇ.

ರಿಜಿಸ್ಟರಿನಲ್ಲಿ ದಿನಾಂಕ, ಹೊತ್ತು, ಸಹಿ.
ದೋಷದ ಕಾರಣ ಎಂಬ ಕಾಲಮಿನಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತು
ಬರೆಯಿತು: ಚಗಳಿ.