ಹಳೇ ಬಾಕಿ

ಬಳೇಪೇಟೆಯ ಈ ಮಹಡಿಗೆ ಬರಬೇಕಾದರೆ
ತಬಲಾ ಅಂಗಡಿ ಪಕ್ಕದ ಸಂದಿ, ಹದಿನೇಳು ಮೆಟ್ಟಿಲು.
ಹನ್ನೊಂದನೆಯದು ಸಡಿಲ, ಎಚ್ಚರ.
ಬೋರ್ಡಿನಲ್ಲಿ ‘ರುಕ್ಮಾಂಗದ ಅಂಡ್ ಸನ್ಸ್’ ಎಂದಿದೆ,
ಗಂಡುಮಕ್ಕಳು ಹುಟ್ಟುವ ಮೊದಲೇ ಅಪ್ಪ ಬರೆಸಿದ್ದು.
ಅವರು ಹುಟ್ಟಲಿಲ್ಲ. ನಾನು ಹುಟ್ಟಿದೆ.
ಬಣ್ಣ ದುಬಾರಿ, ಬೋರ್ಡು ಹಾಗೇ ಇದೆ.

ದಂತವೈದ್ಯರು ಬಂದಿದ್ದಾರೆ, ಸದಾಶಿವನಗರದವರು.
ನಿದ್ದೆಗೂಸನ್ನು ಎತ್ತಿದಂತೆ ಎತ್ತಿಕೊಂಡು ಬಂದ ಪೆಟ್ಟಿಗೆಯಲ್ಲಿ
ಐವತ್ತೆಂಟನೇ ಇಸವಿಯ ಗಿಟಾರು.
ಮನೆಯಲ್ಲಿ ಇನ್ನೂ ಇಪ್ಪತ್ತಮೂರು ಇವೆಯಂತೆ,
ಗಾಜಿನ ಬೀರುವಿನಲ್ಲಿ, ತೇವ ಅಳೆಯುವ ಮೀಟರಿನ ಕಾವಲಲ್ಲಿ.
ನುಡಿಸುತ್ತೀರಾ ಅಂದೆ.
ಬೆರಳು ನೋಯುತ್ತೆ ಅಂದರು.
‘ಇಪ್ಪತ್ತು ವರ್ಷದ ಮೇಲೆ ಇದಕ್ಕೆ ಎಷ್ಟಾಗಬಹುದು ಮೇಡಂ?’

ಎಷ್ಟಾಗಬಹುದು!
ನಾನೇನು ಗಿಣಿಶಾಸ್ತ್ರದವಳೇ?
ಲೆಕ್ಕ ಒಂದು ಗೊತ್ತು, ಕೂತಲ್ಲೇ ನೋಡಿ ಕಲಿತದ್ದು:
ಹದಿನಾರರಲ್ಲಿ ಅಂಗಡಿ ಗಾಜಿಗೆ ಮೂಗೊತ್ತಿ ನಿಂತು
ಕೊಳ್ಳಲಾಗದೆ ಹೋದವನು
ಅರುವತ್ತರಲ್ಲಿ ಬಂದು ಕೇಳಿದಷ್ಟು ಸುರಿದು ಒಯ್ಯುತ್ತಾನೆ.
ಅವನೂ ಹೋದಮೇಲೆ?

ಆ ಮೂಲೆಯಲ್ಲಿ ಲೆಗ್ ಹಾರ್ಮೋನಿಯಂ.
ನಾಟಕ ಕಂಪನಿ ಮುಚ್ಚಿದ ದಿನ ಲಾರಿಯಲ್ಲಿ ಬಂದದ್ದು.
ಒಂದು ಕಾಲಕ್ಕೆ ಇದಕ್ಕಾಗಿ ಇಬ್ಬರು ಮೇಷ್ಟರು ಕೋರ್ಟು ಹತ್ತಿದ್ದರು.
ಹೋದ ತಿಂಗಳು ಮದುವೆ ಮಂಟಪದವನೊಬ್ಬ
‘ಸೆಲ್ಫಿಗೆ ಚೆನ್ನಾಗಿರುತ್ತೆ, ಬಾಡಿಗೆಗೆ ಕೊಡಿ’ ಅಂದ.
ಕೊಟ್ಟೆ. ರೀಡುಗಳಲ್ಲಿ ಥರ್ಮಾಕೋಲ್ ತುಂಬಿಕೊಂಡು ವಾಪಸಾಯಿತು.
ಬುಲ್‌ಬುಲ್ ತರಂಗ ಐದಿವೆ, ತೂಕಕ್ಕೆ ಕೇಳುತ್ತಾರೆ.
ಹಲಸಿನ ವೀಣೆಗೆ ಮಾತ್ರ ಯಾರೂ ಬೆಲೆ ಕಟ್ಟುವುದಿಲ್ಲ,
ಅರಿಶಿನ ಕುಂಕುಮವಿಟ್ಟು ಬಾಯಿ ಕಟ್ಟುತ್ತಾರೆ.

ವೈದ್ಯರಿಗೆ ಇದೆಲ್ಲ ಬೇಕಿಲ್ಲ.
‘ಎಲ್ಲಾ ಒರಿಜಿನಲ್ ತಾನೆ?’
ಬಿರಟೆ ಒರಿಜಿನಲ್. ಮೆರುಗೂ ಒರಿಜಿನಲ್,
ಹಾವಿನ ಪೊರೆಯಂತೆ ಬಿರಿದಿದೆ.
ಫ್ರೆಟ್ಟುಗಳು ಸವೆದಿವೆ, ಎಲ್ಲವೂ ಅಲ್ಲ,
ಮೊದಲ ಮೂರೇ ಮೂರು.
ಹಾಗಾದರೆ ಇವನು ಮುಂದೆ ಬಂದು ಮೆರೆದವನಲ್ಲ,
ಹಿಂದೆ ನಿಂತು ಕಾರ್ಡು ಹಿಡಿದವನು,
ಹಾಡುವವಳು ಉಸಿರು ತೆಗೆಯುವಷ್ಟು ಹೊತ್ತು ಕಾದವನು.
‘ಬದಲಾಯಿಸಿದರೆ?’
ಬೆಲೆ ಇಳಿಯುತ್ತೆ.
‘ಬದಲಾಯಿಸದಿದ್ದರೆ?’
ಸರಿಯಾಗಿ ನುಡಿಯುವುದಿಲ್ಲ.
‘ನುಡಿಯದಿದ್ದರೆ ಪರವಾಗಿಲ್ಲ ಬಿಡಿ.’
ಅಗಿಯದಿದ್ದರೂ ಸರಿ, ಹಲ್ಲು ಒರಿಜಿನಲ್ ಇರಲಿ ಅಂತ
ನಿಮ್ಮ ಕುರ್ಚಿಯಲ್ಲಿ ಯಾರಿಗಾದರೂ ಹೇಳಿದ್ದೀರಾ,
ಕೇಳೋಣವೆನಿಸಿತು. ಗಿರಾಕಿ. ಸುಮ್ಮನಾದೆ.

ಒಳಗಿನ ಪಟ್ಟಿ ಬಿಟ್ಟಿದೆಯೋ ನೋಡಬೇಕು, ನನ್ನ ಕನ್ನಡಿ ಒಡೆದಿತ್ತು.
ಅವರೇ ಜೇಬಿನಿಂದ ತೆಗೆದುಕೊಟ್ಟರು
ಬಾಯಿಗೆ ಬಿಡುವ ಪುಟ್ಟ ದುಂಡು ಕನ್ನಡಿ.
ಗಿಟಾರಿನ ಬಾಯಿಗೆ ಬಿಟ್ಟೆ. ಟಾರ್ಚು ಅವರ ಕೈಯಲ್ಲಿ.
ಧೂಳು. ಜೇಡನ ಬಲೆ. ತುಂಡಾದ ಬೀಡಿ.
ಪಟ್ಟಿಯ ಮೇಲೆ ಪೆನ್ಸಿಲಿನ ಬರಹ,
ತಿರುಗುಮುರುಗು, ಓದಲು ಹೊತ್ತು ಹಿಡಿಯಿತು:
‘ಕ್ಲಾರೆನ್ಸ್, ಲಿಂಗರಾಜಪುರ. ೧೯೭೧. ಬಾಕಿ ರೂ. ೪೦.’

ಅಪ್ಪನ ಅಕ್ಷರ.
‘ಕಿ’ಯ ಗುಡಿಸನ್ನು ಗಾಳದ ಹಾಗೆ ಬಾಗಿಸುತ್ತಿದ್ದವರು
ಈ ಪೇಟೆಯಲ್ಲಿ ಅವರೊಬ್ಬರೇ.
ಲೆಡ್ಜರಿಗೆ ಗೆದ್ದಲು ಬಂದೀತೆಂದು
ಸಾಲವನ್ನು ಸಾಲಗಾರನ ಹೊಟ್ಟೆಯೊಳಗೇ ಬರೆದಿಟ್ಟಿದ್ದರು.
ಬ್ರಿಗೇಡ್ ರಸ್ತೆಯ ಯಾವ ಹೊಗೆಯಲ್ಲಿ ನುಡಿಸಿದನೋ,
ಯಾರ ಮದುವೆಯಲ್ಲಿ, ಕ್ಲಾರೆನ್ಸು,
ಎದೆಗೊತ್ತಿಕೊಂಡು, ಒಳಗೆ ನಲವತ್ತು ರೂಪಾಯಿ.

‘ಇದರಿಂದ ಬೆಲೆ ಏರುತ್ತೋ, ಇಳಿಯುತ್ತೋ?’
ಟಾರ್ಚು ಸ್ವಲ್ಪ ನಡುಗಿತು.

ನಾನು ಬಿಲ್ಲು ಬರೆದೆ.
ತಪಾಸಣೆ, ಎಂಟುನೂರು.
ಕೆಳಗೆ, ಹಳೇ ಬಾಕಿ, ನಲವತ್ತು.
ಅವರು ನನ್ನನ್ನೊಮ್ಮೆ ನೋಡಿ ಫೋನು ತೆಗೆದರು.
ಗೋಡೆಯ ಡಬ್ಬಿ ಗಟ್ಟಿಯಾಗಿ ಮೊತ್ತ ಕೂಗಿತು,
ಮೇಲಿನ ಫೋಟೋಗೂ ಕೇಳುವಷ್ಟು.

ಪೆಟ್ಟಿಗೆ ಮುಚ್ಚುವ ಮುಂಚೆ ಕೈ ತೂರಿಸಿ,
ಕಣ್ಣಿಗೆ ಕಾಣದಲ್ಲಿ, ಆ ಸಾಲಿನ ಹತ್ತಿರವೆಲ್ಲೋ
ಪೆನ್ಸಿಲಿನಲ್ಲಿ ಗೀಚಿದೆ: ಸಂದಿದೆ.
‘ಅಯ್ಯೋ ಮೇಡಂ, ಒರಿಜಿನಲ್ಲು!’

ಅವರು ಇಳಿದರು.
ಹೇಳಲು ಮರೆತಿದ್ದೆ.
ಹನ್ನೊಂದನೇ ಮೆಟ್ಟಿಲಲ್ಲಿ ಎಡವಿದ ಸದ್ದು,
ಪೆಟ್ಟಿಗೆಯೊಳಗಿಂದ ಆರೂ ತಂತಿ ಒಟ್ಟಿಗೆ,
ಶ್ರುತಿಯಿಲ್ಲದೆ, ಒಂದು ಸಲ.