ಹನ್ನೊಂದನೇ ಕಾಲಂ

ತರೀಕೆರೆಯ ಅಕ್ಕಸಾಲಿಗರ ಬೀದಿಯಲ್ಲಿ
ಬೆಳಗಿನ ಐದಕ್ಕೆ ಚರಂಡಿ ಗುಡಿಸುವವರು ನಾವು.
ಅರದ ಹಲ್ಲಿನಿಂದ ಉದುರಿದ್ದು, ಕುಂಚದ ಎಳೆಗೆ ಅಂಟಿದ್ದು,
ಮರಿಗೆಯಲ್ಲಿ ತೊಳೆದರೆ ವಾರಕ್ಕೊಂದು ಗುಲಗಂಜಿ ತೂಕ.
ಆದರೆ ಪೊರಕೆ ಇಡುವ ಮೊದಲು ಅಂಗಡಿಯ ಬಾಗಿಲು ತಟ್ಟಬೇಕು,
ಕಸಕ್ಕೆ ಬೆಲೆ ಕೇಳಬೇಕು.
ಅಪ್ಪ ಕಲಿಸಿ ಹೋದದ್ದು ಇಷ್ಟೇ:
ಕಸಕ್ಕೂ ಒಡೆಯನಿರುತ್ತಾನೆ, ಮಂಜಯ್ಯ.

ಹಾಗಾಗಿ, ಅಜ್ಜಂಪುರದಾಚೆ ಬಿಳಿಕಲ್ಲು ಹಳ್ಳದಲ್ಲಿ
ಕಪ್ಪು ಮರಳಿನ ಬಾಲದ ತುದಿಗೆ
ಒಂದು ಹಳದಿ ಚುಕ್ಕೆ ಬಂದು ನಿಂತು
ನೀರು ಕುಲುಕಿದರೂ ಕದಲದೆ ಇದ್ದಾಗ
ನಾನು ಹಿಗ್ಗಲಿಲ್ಲ. ಸುತ್ತ ನೋಡಿದೆ,
ತಟ್ಟಬೇಕಾದ ಬಾಗಿಲು ಎಲ್ಲಿ?

ನಾಡಕಚೇರಿಯ ಸಾಲಿನಲ್ಲಿ ಎರಡು ದಿನ ನಿಂತೆ.
ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಕರೆಂಟ್ ಇಲ್ಲ.
ಮೂರನೆಯ ದಿನ ಸರ್ವೇ ಜಬೀವುಲ್ಲಾ ಸಾಹೇಬರು
ನಕ್ಷೆಯ ಮೇಲೆ ಉಗುರಿಟ್ಟು ಓದಿದರು:
ಹಳ್ಳ ಖರಾಬು, ಸರ್ಕಾರದ್ದು.
ದಡ ನಲವತ್ತೇಳರ ಎರಡು, ಕಲ್ಮರುಡಮ್ಮನದು.
ಕಲ್ಲು ನೆಟ್ಟ ಸಾಲಿನಾಚೆ ಅರಣ್ಯ, ಅತ್ತ ಹೋಗಬೇಡ.
"ಕೆಳಗೆ ಸ್ವಾಮಿ?" ಅಂದೆ.
ಅವರು ನಕ್ಷೆಯನ್ನು ಮಗುಚಿ ನೋಡಿದರು.
ಹಿಂಬದಿ ಖಾಲಿ.
"ಕೆಳಗಿನದು ನಮ್ಮ ಆಫೀಸಲ್ಲ."

ಕೆಳಗಿನದರ ಆಫೀಸು ಚಿಕ್ಕಮಗಳೂರಿನಲ್ಲಿ
ಮೂರನೇ ಮಹಡಿಯಲ್ಲಿತ್ತು.
ಅಲ್ಲಿನ ಮೇಡಂ ಪರದೆಯ ಮೇಲೆ ಒಂದು ಚೌಕ ತೋರಿಸಿದರು,
ಗುಲಾಬಿ ಬಣ್ಣ, ನಾಲ್ಕೂ ಮೂಲೆಗೆ ಉದ್ದುದ್ದ ಅಂಕಿ.
ಯಾವುದೋ ಕಂಪನಿ ಹುಡುಕಲು ಕೇಳಿಕೊಂಡ ಜಾಗವಂತೆ.
ಹಳ್ಳ ಅದರೊಳಗೆ. ಹುಣಸೆಮರ ಅದರೊಳಗೆ.
ನಾನು ಚಪ್ಪಲಿ ಬಿಟ್ಟು ನೀರಿಗಿಳಿದ ಕಲ್ಲೂ ಅದರೊಳಗೇ ಇರಬೇಕು.
"ನಿಮ್ಮದು ಯಾವ ಕಂಪನಿ?"
"ಮರಿಗೆ" ಅಂದೆ.
ಅವರು ನಗಲಿಲ್ಲ, ನಮೂನೆ ಹುಡುಕಿದರು.
ಎಲ್ಲ ನಮೂನೆಯೂ ಕಂಪನಿಯ ಅಳತೆಗೆ ಹೊಲಿದದ್ದು.

ಬರುವ ದಾರಿಯಲ್ಲಿ ದಾಖಲೆ ಕೋಣೆಯ ತಿಪ್ಪೇಶಿ
ಕೈಬರಹದ ಹಳೆಯ ಪಹಣಿ ಬಿಚ್ಚಿದ.
ಒಂಬತ್ತರಲ್ಲಿ ಒಡೆಯರು,
ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಒಂದೇ ಮನೆಯಲ್ಲಿ
ಜಗಳವಾಡದೆ ಬದುಕಿದ ಓರಗಿತ್ತಿಯರ ಹಾಗೆ.
ಅಲ್ಲಿ ಮಾಸಿದ ಶಾಯಿ:
'ಹಳ್ಳದ ಮಣ್ಣು ತೊಳೆಯುವ ಜಾಲಗಾರರಿಗೆ ದಾರಿ ಉಂಟು.'
ಅದರ ಮೇಲೆ ಕೆಂಪು ಗೀಟು.
ಎಳೆದವರು ಯಾರು, ಕಾರಣವೇನು,
ಗೆದ್ದಲು ತಿಂದ ಮೂಲೆಯಲ್ಲಿತ್ತೇನೋ.
ಜೆರಾಕ್ಸ್ ತೆಗೆಸಿದೆ. ಗೀಟು ಕಪ್ಪಾಗಿ ಬಂತು,
ಅಕ್ಷರ ಬರಲೇ ಇಲ್ಲ.

ಕಲ್ಮರುಡಮ್ಮ ಈರುಳ್ಳಿ ಕೀಳುತ್ತಿದ್ದಳು.
ಎಲ್ಲ ಹೇಳಿದೆ, ಗುಲಾಬಿ ಚೌಕವನ್ನೂ.
ಅವಳು ಒಂದು ಗೆಡ್ಡೆಯನ್ನು ಬುಡಸಮೇತ ಎತ್ತಿ
ಬೇರಿಗೆ ಬೆರಳು ಹಚ್ಚಿ ಅಳೆದಳು.
"ಗೇಣೂ ಇಲ್ಲ. ಇಷ್ಟೇನಾ ನಂದು?"
"ಕಾನೂನು ಹಾಗೆ ಅನ್ನುತ್ತೆ ಅಂತ ಕೇಳಿದೆ."
"ಬೋರು ಮುನ್ನೂರೈವತ್ತು ಅಡಿ ಇಳಿದಾಗ
ಯಾರೂ ಬಾಗಿಲು ತಟ್ಟು ಅನ್ನಲಿಲ್ಲವಲ್ಲ."
ನನ್ನಲ್ಲಿ ಅದಕ್ಕೆ ಕಾಗದವಿರಲಿಲ್ಲ.

ಚುಕ್ಕೆಯನ್ನು ಸೀಸೆಯ ನೀರಿನಲ್ಲಿ ತೋರಿಸಿದೆ.
ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ
ಹಿಂದಕ್ಕೆ ಕೊಟ್ಟಳು.
"ಇದು ನನ್ನ ದಡದಲ್ಲಿ ಹುಟ್ಟಿದ್ದಲ್ಲ, ತಮ್ಮಾ.
ಹಳ್ಳ ಹೊತ್ತು ತಂದದ್ದು.
ಮೇಲೆ ಯಾರ್‍ಯಾರ ಹೊಲ ಇದೆ, ಅದನ್ನ ನೋಡಿದೆಯಾ?"

ನೋಡಿರಲಿಲ್ಲ.
ಮೇಲೆ, ಗುಡ್ಡದ ತನಕ, ಹದಿನಾಲ್ಕು ಸರ್ವೇ ನಂಬರು.
ಒಂದರ ಪಹಣಿಗೆ ಇಪ್ಪತ್ತೈದು ರೂಪಾಯಿ.
ಚುಕ್ಕೆಯನ್ನು ಮಾರಿದರೆ ಅಷ್ಟೂ ಹುಟ್ಟದು.

ಸೀಸೆಯ ಬಿರಡೆ ಬಿಗಿ ಮಾಡಿ ಜೇಬಿಗಿಟ್ಟೆ.
ಅವಳು ನಾಲ್ಕು ಈರುಳ್ಳಿ ಕೊಟ್ಟಳು, ದುಡ್ಡು ಬೇಡವೆಂದಳು.
ನಾಳೆ ಎರಡನೇ ಶನಿವಾರ.
ಸೋಮವಾರ ಬೇಗ ಹೋದರೆ
ಸಾಲಿನಲ್ಲಿ ಮುಂದೆ ನಿಲ್ಲಬಹುದು.