ಮೀನಿನ ಗಾಡಿ ಬಾರದ ಮೂರು ದಿನ

ಮೊದಲನೆಯ ದಿನ ಯಾರಿಗೂ ಏನೂ ಅನ್ನಿಸಲಿಲ್ಲ.
ಕರಡಿಗೋಡಿನ ಇಳಿಜಾರಿನಲ್ಲಿ ಹತ್ತೂವರೆಗೆ ಕೇಳುವ
ಕುಂಞಿಮೋನುವಿನ ಹಾರನ್ನು ಕೇಳಲಿಲ್ಲ, ಅಷ್ಟೇ.
ಬೆಕ್ಕುಗಳು ರಸ್ತೆಯಲ್ಲಿ ಕೂತು ಕೂತು ಎದ್ದು ಹೋದವು.
ನಾನು ಹಲಸಿನ ಬೀಜದ ಸಾರು ಮಾಡಿದೆ.

ಎರಡನೆಯ ದಿನ ಅವನೇ ಉಳ್ಳಾಲದಿಂದ ಫೋನು ಮಾಡಿದ.
"ಅಕ್ಕಾ, ಒಂದು ದೋಣಿಯೂ ಇಳಿದಿಲ್ಲ.
ಮೇ ಮುಗಿಯುವ ಮೊದಲೇ ಎದ್ದುಬಿಟ್ಟಿದೆ ಈ ಸಲ.
ಅದಕ್ಕೊಂದು ಹೆಸರೂ ಇಟ್ಟಿದ್ದಾರೆ, ನನ್ನ ಬಾಯಿಗೆ ಬರುವುದಿಲ್ಲ.
ತಂಗಿಯ ಮನೆ ಹಿಂದಿನ ತೆಂಗು
ನಿನ್ನೆ ಎರಡಿತ್ತು, ಇವತ್ತು ಒಂದು."
ಅವನ ಮಾತಿನ ಹಿಂದೆ ಗಾಳಿ,
ದೊಡ್ಡ ಬಾಣಲೆಯಲ್ಲಿ ಯಾರೋ ಮರಳು ಹುರಿದಂತೆ.
"ನಿಮ್ಮ ಹೊಳೆ ಎಷ್ಟುಂಟು?"
ಕಿಟಕಿಯಿಂದ ಬಗ್ಗಿ ನೋಡಿದೆ. ಬಂಡೆಗಳ ನಡುವೆ
ಬಟ್ಟೆ ಒಗೆಯುವಷ್ಟು, ಎಮ್ಮೆ ಮಲಗುವಷ್ಟು ಕಾವೇರಿ.
"ಮೊಣಕಾಲಿಗೆ ಉಂಟು."
"ನೋಡಿಕೊಳ್ಳಿ" ಎಂದ.

ನಾನು ಕಡಲು ಕಂಡದ್ದು ಒಂದೇ ಸಲ, ಮದುವೆಯಾದ ವರ್ಷ.
ಆಮೇಲೆಲ್ಲ ಕಡಲೆಂದರೆ ಥರ್ಮಕೋಲಿನ ಪೆಟ್ಟಿಗೆ, ಕರಗುವ ಐಸು,
ಬೂತಾಯಿಯ ಕಣ್ಣಿಗೆ ಅಂಟಿ ಬಂದ ಬೆಳಕಿನ ಚೂರು.
ಆದರೂ ಅಲ್ಲಿ ಎದ್ದದ್ದು ಘಾಟಿ ಹತ್ತಿ ಇಲ್ಲಿಗೆ ಬರುತ್ತದೆ,
ಇಂಚಿನ ಲೆಕ್ಕದಲ್ಲಿ.
ಪಡುವಣ ಕಡಲಿನ ನೀರು ನಮ್ಮ ಅಂಗಳ ತುಳಿದು
ಮೂಡಣ ಕಡಲಿಗೆ ಹೋಗುತ್ತದೆ.
ನಾವು ದಾರಿಯಲ್ಲಿ ಸಿಕ್ಕವರು.

ಮೂರನೆಯ ದಿನ
ತೋಟದ ರೈಟರು ಮೇದಪ್ಪ ಮಳೆ ಅಳೆಯುವ ಗಾಜು ತೊಳೆದಿಟ್ಟರು.
ಲೈನ್‌ಮ್ಯಾನು ತಂತಿಗೆ ಬಾಗಿದ ಹಾಲುವಾಣದ ಕೊಂಬೆ ಕಡಿಸಿದ.
ಪಂಚಾಯತಿ ನೋಟೀಸು ಬಂತು, ಹೋದ ವರ್ಷದ್ದೇ,
ತಾರೀಖು ಮಾತ್ರ ಪೆನ್ನಿನಲ್ಲಿ ತಿದ್ದಿದ್ದು.
ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಅವರ ಮಾತ್ರೆ,
ಎರಡು ಸೀರೆ, ಉಪ್ಪು
ಎಲ್ಲ ಗೊಬ್ಬರದ ಚೀಲಕ್ಕೆ ತುಂಬಿ ಮೊಳೆಗೆ ಸಿಕ್ಕಿಸಿದೆ.
ಮೊಳೆ ಇರುವುದು ಆ ವರ್ಷದ ನೀರಿನ ಗೆರೆಗಿಂತ
ಒಂದು ಗೇಣು ಮೇಲೆ. ಅದರ ಮರುವರ್ಷದ ಗೆರೆಗಿಂತ
ನಾಲ್ಕು ಬೆರಳು ಕೆಳಗೆ.
ತೆಗೆದು ಅಟ್ಟಕ್ಕೆ ಎಸೆದೆ.

ಪಕ್ಕದ ಚೋಮಿ ಬಾಗಿಲು ಬಿಚ್ಚುತ್ತಿದ್ದಳು.
ಕತ್ತಿಯ ಹಿಡಿಯಿಂದ ಕೀಲು ಎಬ್ಬಿಸಿ,
ಗಂಡ ಒಂದು ಕಡೆ ತಾನೊಂದು ಕಡೆ,
ಹೆಣ ಹೊತ್ತಂತೆ ಹೊತ್ತು ಗುಡ್ಡದ ಶಾಲೆಗೆ ನಡೆದರು.
"ಹಿಂದೆ ಎರಡು ಬಾಗಿಲು ಹೊಳೆಗೆ ಕೊಟ್ಟೆ.
ಗೋಡೆ ಮಣ್ಣು, ಮತ್ತೆ ಮೆತ್ತಬಹುದು.
ಹಲಗೆ ಯಾರಪ್ಪ ಕೊಡುತ್ತಾನೆ?"

ಆ ರಾತ್ರಿ ಕರೆಂಟು ಹೋಯಿತು.
ಗಾಳಿ ಬಂತು, ಸಿಲ್ವರ್ ಮರಗಳು ತಲೆ ಕೊಡವಿದವು,
ಹತ್ತು ನಿಮಿಷ ದಪ್ಪ ಹನಿ, ಮತ್ತೆ ಏನೂ ಇಲ್ಲ.
ನಿದ್ದೆ ಬಾರದೆ ಹೊಳೆಗೆ ಕಿವಿ ಕೊಟ್ಟು ಮಲಗಿದೆ.
ಕೇಳಿದ್ದು ಚೋಮಿಯ ಮಗುವಿನ ಕೆಮ್ಮು,
ತಡೆಯಲು ಬಾಗಿಲಿಲ್ಲದೆ ನೇರ ನಮ್ಮ ಮನೆಯೊಳಗೆ.

ಬೆಳಿಗ್ಗೆ ಮೇದಪ್ಪನವರ ಗಾಜಿನಲ್ಲಿ ಹದಿನಾಲ್ಕು ಸೆಂಟು.
ಅದು ವಡಗಡೆ ತಿರುಗಿತಂತೆ.
ಅಲ್ಲಿ ಯಾವ ಊರೋ, ಯಾರು ಅಟ್ಟಕ್ಕೆ ಚೀಲ ಎಸೆದರೋ.
ಟೀ ಕುಡಿಯುತ್ತ ನಾವು ನಕ್ಕೆವು, ಸ್ವಲ್ಪ ಜೋರಾಗಿಯೇ.
ಆಮೇಲೆ ನನಗೆ ಹಾಗೆ ನಕ್ಕದ್ದು ಸರಿಬರಲಿಲ್ಲ.

ಹತ್ತೂವರೆಗೆ ಹಾರನ್ನು.
ಪೆಟ್ಟಿಗೆಯಲ್ಲಿ ಐಸೇ ಹೆಚ್ಚು, ಬೆರಳುದ್ದದ ಮೀನು, ದುಪ್ಪಟ್ಟು ರೇಟು.
"ತೆಂಗು?" ಎಂದೆ.
ಕುಂಞಿಮೋನು ತಕ್ಕಡಿಯನ್ನೇ ನೋಡುತ್ತ
ನನಗೆ ಎರಡು ಮೀನು ಹೆಚ್ಚಿಗೆ ಹಾಕಿದ.
ಒಲೆ ಹಚ್ಚಿದ ಮೇಲೆ ನೆನಪಾಯಿತು,
ಉಪ್ಪು ಅಟ್ಟದ ಚೀಲದಲ್ಲಿದೆ.
ಇಳಿಸಲು ಮನಸ್ಸಾಗದೆ ಚೋಮಿಯ ಮನೆಗೆ ಹೋದೆ ಕೇಳಲು.
ಬಾಗಿಲಿದ್ದ ಜಾಗಕ್ಕೆ ಗೋಣಿ ಇಳಿಬಿಟ್ಟಿದ್ದಳು.
"ತರುವುದಿಲ್ಲವಾ?"
"ಜೂನಿಗೆ ಇನ್ನು ಎಂಟು ದಿನ" ಎಂದಳು,
ಗೋಣಿ ಎತ್ತಿ ಹಿಡಿದು, ನಾನು ಒಳಗೆ ಬರಲೆಂದು.